‘ಇತಿಹಾಸಕ್ಕೆ ನಿಷ್ಠ’ ಎಂದು ಮಾರುವ ಮಾದರಿ ರೈಲು ದೃಶ್ಯಗಳ ಬಗ್ಗೆ ಎಚ್ಚರ

ಮಾದರಿ ರೈಲಿನ, ಅಂದರೆ ರೈಲು-ನಿಲ್ದಾಣಗಳನ್ನು ಪುಟ್ಟ ಅಳತೆಯಲ್ಲಿ ಕಟ್ಟಿಡುವ ಹವ್ಯಾಸವಿರುವ ವಿಜಯಪುರ, ಬಾಗಲಕೋಟೆ ಕಡೆಯವರು ಗಮನಿಸಿ. ಹಳೆಯ ನಿಲ್ದಾಣವನ್ನು ಇತಿಹಾಸಕ್ಕೆ ನೂರಕ್ಕೆ ನೂರು ನಿಷ್ಠವಾಗಿ ಕಟ್ಟಿಕೊಡುತ್ತೇವೆ ಎನ್ನುವವರಿಗೆ ಕಣ್ಣುಮುಚ್ಚಿ ಮುಂಗಡ ಕೊಡಬೇಡಿ. ನಾನು ಅರ್ಧ ಹಣ ಕೊಟ್ಟಿದ್ದೆ.

ಕೇಳಿದ್ದು 1955ರ ಬೇಸಿಗೆಯ ಬಿಜಾಪುರ ನಿಲ್ದಾಣ: ಗದಗ–ಹೊಟಗಿ ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ) ಮಾರ್ಗ, ಉಗಿ ಎಂಜಿನ್, ಹಿನ್ನೆಲೆಯಲ್ಲಿ ಗೋಳಗುಮ್ಮಟ. ಅಳತೆ 1:87, ಅಂದರೆ ನಿಜದ 87ರಲ್ಲಿ ಒಂದು ಪಾಲು, ಎಂದು ಬರೆದೇ ಕೊಟ್ಟಿದ್ದೆ. ಆ ಅಳತೆಯಲ್ಲಿ ಮೀಟರ್ ಗೇಜಿಗೆ 12 ಮಿ.ಮೀ. ಅಂತರದ ಹಳಿ ಬೇಕು. ಬಂದದ್ದು 16.5 ಮಿ.ಮೀ.; ಅದು ಯುರೋಪಿನ 1,435 ಮಿ.ಮೀ. ಗೇಜಿನ ಮಾದರಿ. ಅದರಡಿ ಆ ಕಾಲಕ್ಕೆ ಹೊಂದದ ಕಾಂಕ್ರೀಟ್ ಸ್ಲೀಪರುಗಳು (ಹಳಿ ಹೊರುವ ಅಡ್ಡದಿಮ್ಮಿಗಳು) ಬೇರೆ! ನಾಮಫಲಕದಲ್ಲಿ ‘ವಿಜಯಪುರ’ ಎಂದಿತ್ತು. ಆ ಹೆಸರು ಅಧಿಕೃತವಾಗಿ ಬಂದದ್ದು 2014ರ ನವೆಂಬರಿನಲ್ಲಿ. ಬೋಗಿಗಳ ಮೇಲೆ ದಕ್ಷಿಣ ಮಧ್ಯ ರೈಲ್ವೆಯ ಹೆಸರು. ಆ ವಲಯ ಹುಟ್ಟಿದ್ದು 1966ರಲ್ಲಿ.

ಇವನ್ನೆಲ್ಲ ತಿದ್ದಬಹುದಿತ್ತು. ನನಗೆ ಸಿಟ್ಟು ಬಂದದ್ದು ನೆಲವನ್ನು ನೋಡಿ. ಬೇಸಿಗೆಯ ಎರೆಹೊಲವೆಂದರೆ ಹಿಂಗಾರಿ ಜೋಳ, ಕುಸುಬೆ ಕೊಯ್ದ ಮೇಲೆ ಬಾಯಿಬಿಟ್ಟ ಕಪ್ಪು ನೆಲ. ಅಲ್ಲೊಂದು ಇಲ್ಲೊಂದು ಬೇವು, ಕರಿಜಾಲಿ. ಇವರು ಕಳಿಸಿದ್ದು ಎಳೆಹಸಿರು ಹುಲ್ಲಿನ ಹಾಸು, ಹಳಿಯ ಬದಿಗೆ ನಳನಳಿಸುವ ಕಬ್ಬು. ಆಲಮಟ್ಟಿ ಅಣೆಕಟ್ಟೆಗೆ ಶಂಕುಸ್ಥಾಪನೆಯಾದದ್ದೇ 1964ರಲ್ಲಿ. ಆ ಕಬ್ಬಿಗೆ ನೀರುಣಿಸಿದವರು ಯಾರೋ! ಪ್ಲಾಟ್‌ಫಾರ್ಮಿನ ಅಂಚಿಗೆ ಬಿಳಿ ಹೂವಿನ ಕಾಂಗ್ರೆಸ್ ಹುಲ್ಲನ್ನು ಬಹಳ ಆಸ್ಥೆಯಿಂದ ಅಂಟಿಸಿದ್ದರು. ದೇಶದಲ್ಲಿ ಮೊದಲು ಕಂಡ ಪುಣೆಯಲ್ಲಿಯೇ ಆ ಕಳೆ ಜನರ ಗಮನಕ್ಕೆ ಬಂದದ್ದು 1950ರ ದಶಕದ ನಡುವೆ. ಇನ್ನು ಗೋಳಗುಮ್ಮಟ: ಅದರ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಅಂದರೆ ಮಾದರಿಯಲ್ಲಿ ಅರ್ಧ ಮೀಟರ್. ದೂರ ತೋರಿಸಲು ಕುಗ್ಗಿಸಿದರೆ ತಕರಾರಿಲ್ಲ, ಆದರೆ ಹಿಂದಕ್ಕೆ ಸರಿಸಿ ಇಡಬೇಕು. ಇವರು ಪ್ರವಾಸಿಗರು ಕೊಳ್ಳುವ ಆಟಿಕೆಯನ್ನು ಟಿಕೆಟ್ ಕಿಟಕಿಯ ಪಕ್ಕಕ್ಕೇ ನಿಲ್ಲಿಸಿದ್ದರು.

ಆಧಾರ ಕೇಳಿದಾಗ ಒಂದು ಬಣ್ಣದ ಫೋಟೊ ಕಳಿಸಿದರು. ಕಪ್ಪು-ಬಿಳುಪು ಚಿತ್ರಕ್ಕೆ ಕಂಪ್ಯೂಟರ್ ಹಚ್ಚಿದ ಬಣ್ಣ ಅದು. ಎರೆಮಣ್ಣು ಯಾವ ಬಣ್ಣ ಎಂಬುದು ಆ ತಂತ್ರಾಂಶಕ್ಕೆ ಹೇಗೆ ಗೊತ್ತಾಗಬೇಕು? ಇಂಥ ಚಿತ್ರವನ್ನು ಸಾಕ್ಷಿಯೆಂದು ಒಪ್ಪಬೇಡಿ, ಮೂಲ ಪ್ರತಿಯನ್ನೂ ಅದು ತೆಗೆದ ವರ್ಷವನ್ನೂ ಕೇಳಿ. ಹಳಿ, ಫಲಕ, ಗಿಡ, ಬೆಳೆ ಯಾವ ವರ್ಷದವು, ಯಾವ ತಿಂಗಳಿನವು ಎಂಬುದನ್ನು ಬರಹದಲ್ಲಿ ಪಡೆಯಿರಿ. ಅಂಗೈಯಗಲದ ಒಂದು ತುಣುಕನ್ನು ಮೊದಲು ತರಿಸಿ ನೋಡಿ.

ಉಳಿದ ಅರ್ಧ ಹಣಕ್ಕಾಗಿ ಅವರು ಈಗಲೂ ಫೋನ್ ಮಾಡುತ್ತಾರೆ. ಹಳಿ ಬದಲಿಸಿಕೊಡಿ ಎಂದೊಡನೆ ಕರೆ ಕಡಿದುಹೋಗುತ್ತದೆ.