ಚಳಿಗಾಲಕ್ಕೆ ಪೂಲ್ ಮುಚ್ಚಿಸುವವರೇ, ಮೊದಲು ಪಂಪಿನ ಪ್ಲಗ್ ನೋಡಿ, ಆಮೇಲೆ ದುಡ್ಡು ಕೊಡಿ

ನೀರು ಗಡ್ಡೆ ಕಟ್ಟುವಷ್ಟು ಚಳಿ ಬೀಳುವ ಕಡೆ ಮನೆಯಲ್ಲಿ ಈಜುಕೊಳ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ಕೋಪ ಇನ್ನೂ ಇಳಿದಿಲ್ಲ, ಹೇಳುವುದು ಹಿಂದೆಮುಂದೆ ಆದರೆ ಸಹಿಸಿಕೊಳ್ಳಿ.

ಪೂಲ್ ಮುಚ್ಚುವ ಕೆಲಸ ಒಂದು ಸರ್ವಿಸ್‌ನವರಿಗೆ ಕೊಟ್ಟಿದ್ದೆ. ಬಿಲ್‌ನಲ್ಲಿ ಎಲ್ಲ ಇತ್ತು. ನೀರನ್ನು ಸ್ಕಿಮ್ಮರ್ (ಮೇಲೆ ತೇಲುವ ಕಸ ಎಳೆದುಕೊಳ್ಳುವ, ಪೂಲ್ ಗೋಡೆಯಲ್ಲಿನ ಡಬ್ಬಿ) ಬಾಯಿಗಿಂತ ಕೆಳಗೆ ಇಳಿಸಿದ್ದು, ಪೈಪಿಗೆ ಗಾಳಿ ಊದಿ ನೀರು ಹೊರಹಾಕಿದ್ದು, ಫಿಲ್ಟರ್ ಆದ ನೀರು ಪೂಲ್‌ಗೆ ವಾಪಸ್ ಬರುವ ರಿಟರ್ನ್ ಬಾಯಿಗಳಿಗೆ ರಬ್ಬರ್ ಪ್ಲಗ್ ಹಾಕಿದ್ದು, ಪಂಪು, ಫಿಲ್ಟರು, ಹೀಟರು ಖಾಲಿ ಮಾಡಿದ್ದು. ಒಂದೊಂದರ ಮುಂದೂ ಟಿಕ್. ನಾನು ಕೆಲಸದಿಂದ ಬರುವಷ್ಟರಲ್ಲಿ ಕವರ್ ಎಳೆದು ಕಟ್ಟಿ ಹೋಗಿದ್ದರು. ಸ್ಕಿಮ್ಮರ್‌ನಲ್ಲಿ ನೀರು ಗಡ್ಡೆ ಕಟ್ಟದಂತೆ ಹಾಕುವ ಪಿಂಕ್ ಬಣ್ಣದ ಆಂಟಿಫ್ರೀಜ್ ಕೂಡ ಕಾಣುತ್ತಿತ್ತು.

ಚಳಿ ಕಳೆದ ಮೇಲೆ ನೋಡಿದರೆ ಪಂಪಿನ ತಳ ಉದ್ದಕ್ಕೆ ಸೀಳಿದೆ. ಬಗ್ಗಿ ನೋಡಿದೆ. ಪಂಪಿನ ನೀರು ಬಸಿಯಲು ಬಿಚ್ಚುವ ಎರಡೂ ಡ್ರೈನ್ ಪ್ಲಗ್ ಬಿಗಿಯಾಗಿ ಅಲ್ಲೇ ಇವೆ! ಬಿಚ್ಚಿ ಪಂಪಿನ ಬುಟ್ಟಿಯಲ್ಲಿ ಹಾಕಿಡಬೇಕಾದ ಪ್ಲಗ್‌ಗಳು, ಅವನ್ನು ಮುಟ್ಟಿಯೇ ಇಲ್ಲ. ಎದೆ ಧಸಕ್ ಅಂತು. ಆ ಪಿಂಕ್ ನೀರು ಸುಮ್ನೆ ತೋರಿಕೆಗೆ ಮೇಲಿಂದ ಸುರಿದದ್ದು. ಪೈಪಿನೊಳಗೆ ನೀರು ಹಾಗೇ ನಿಂತಿತ್ತು. ನೀರು ಗಡ್ಡೆ ಕಟ್ಟುವಾಗ ಸುಮಾರು 9% ಹಿಗ್ಗುತ್ತದೆ, ತುಂಬಿದ ಪೈಪು ಅದನ್ನು ತಡೆಯುತ್ತದಾ? ಸೋರುತ್ತದಾ ಅಂತ ಪೈಪಿಗೆ ಪ್ರೆಶರ್ ಹಾಕಿಸಿದರೆ ಗೇಜಿನ ಮುಳ್ಳು ಸರ್ರನೆ ಇಳಿಯುತ್ತದೆ, ಅಂದರೆ ನೆಲದಡಿಯ ಲೈನೂ ಹೋಗಿದೆ. ಈಗ ಪೂಲ್ ಸುತ್ತಲಿನ ಕಲ್ಲು ಕಿತ್ತು ಅಗೆಯಬೇಕು.

ಫೋನ್ ಮಾಡಿದೆ. "ಈ ಸಲ ಚಳಿ ಜಾಸ್ತಿ ಅಲ್ವಾ ಸರ್" ಅಂದರು. ಚಳಿ ಜಾಸ್ತಿ ಅಂತಲೇ ಅಲ್ವಾ ದುಡ್ಡು ಕೊಟ್ಟು ಮುಚ್ಚಿಸುವುದು! ಖಾಲಿ ಪೈಪಿಗೆ ಎಷ್ಟು ಚಳಿ ಬಿದ್ದರೇನು? ಆಮೇಲೆ "ನಿಮ್ಮ ಪೈಪು ಹಳೇದು" ಅಂದರು. ಪ್ಲಗ್‌ಗಳ ಫೋಟೋ ಕಳಿಸಿದೆ. ಅದಕ್ಕೆ ಬಂದ ಉತ್ತರ ಕೇಳಿ: "ಆಮೇಲೆ ನೀವೇ ಹಾಕಿರಬಹುದು." ನಾನೇ! ಒಡೆದ ಪಂಪಿಗೆ ನಾನು ಯಾಕೆ ಪ್ಲಗ್ ಹಾಕಲಿ? ಕೊನೆಗೆ, "ರಿಪೇರಿ ನಾವೇ ಮಾಡ್ತೀವಿ, ಲೇಬರ್‌ನಲ್ಲಿ ಸ್ವಲ್ಪ ಕಡಿಮೆ ಮಾಡ್ಕೊಡ್ತೀವಿ" ಅಂದರು. ಹಾಳು ಮಾಡಿದವರಿಗೇ ಮತ್ತೆ ದುಡ್ಡು ಕೊಡಬೇಕಂತೆ. ಮನೆಯವರೆಲ್ಲ ಸ್ಪೀಕರ್‌ನಲ್ಲಿ ಕೇಳುತ್ತಿದ್ದರು, ನನಗೆ ಮುಖ ಎತ್ತಲು ಆಗಲಿಲ್ಲ.

ಗಾಳಿ ಊದುವಾಗ ಎದುರಿಗೇ ನಿಂತಿರಿ. ರಿಟರ್ನ್ ಬಾಯಲ್ಲಿ ಗುಳ್ಳೆ ಜೋರಾಗಿ ಬರಬೇಕು, ಬರುತ್ತಿರುವಾಗಲೇ ಪ್ಲಗ್ ಹಾಕಬೇಕು. ಪಂಪಿನ ಪ್ಲಗ್‌ಗಳನ್ನು ಬಿಚ್ಚಿದ್ದು ಕಣ್ಣಾರೆ ನೋಡದೆ ಒಂದು ಪೈಸೆ ಕೊಡಬೇಡಿ. ಆಂಟಿಫ್ರೀಜ್ ಪೂಲ್‌ಗೆ ಅಂತಲೇ ಮಾಡಿದ ಪ್ರೊಪಿಲೀನ್ ಗ್ಲೈಕಾಲ್‌ನದ್ದೇ ಇರಬೇಕು, ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಇದೇ ಜನ ಶುರುವಿನಲ್ಲಿ "ಪೂರ್ತಿ ನೀರು ಖಾಲಿ ಮಾಡಿಬಿಡೋಣ, ತಲೆನೋವೇ ಇಲ್ಲ" ಅಂದಿದ್ದರು, ನಾನು ಬೇಡ ಅಂದಿದ್ದೆ. ನೀವೂ ಒಪ್ಪಬೇಡಿ. ನೆಲದಡಿಯ ನೀರು ಮೇಲೆ ಬಂದರೆ ಖಾಲಿ ಪೂಲನ್ನೇ ಎತ್ತಿಬಿಡುತ್ತದೆ.

ಟಿಕ್ ಹಾಕಿದ ಕೆಲಸವನ್ನೆಲ್ಲ ಯಾರು ಮಾಡಿದರು ಅಂತ ಬರೆದು ಕೊಡಿ ಎಂದು ಕೇಳಿದ್ದೇನೆ. ಇನ್ನೂ ಕೊಟ್ಟಿಲ್ಲ. ಕೊಡುವ ತನಕ ನಾನು ಬಿಡುವುದಿಲ್ಲ.