ಬೀಟಲ್ಸ್ ಟ್ರಿಬ್ಯೂಟ್ ಸಿ.ಡಿ. ಕೊಳ್ಳುವ ಮುಂಚೆ ಡಿಸ್ಕ್ ತಿರುಗಿಸಿ ನೋಡಿ

ಹಳೆ ಸಿ.ಡಿ. ಮಾರುವ ವಾಟ್ಸಾಪ್ ಗುಂಪುಗಳಲ್ಲಿ "ಬೀಟಲ್ಸ್ ಟ್ರಿಬ್ಯೂಟ್ ಸೆಟ್, ಒರಿಜಿನಲ್, ಬೇಗ ಹೇಳಿ" ಅಂತ ಪೋಸ್ಟ್ ಬಂದರೆ ದುಡ್ಡು ಕಳಿಸಲು ಅವಸರ ಮಾಡಬೇಡಿ. ಐದು ಡಿಸ್ಕಿಗೆ ನನ್ನಿಂದ 6,500 ರೂಪಾಯಿ ತೆಗೆದುಕೊಂಡ ಮಾರಾಟಗಾರ ಕಳಿಸಿದ್ದು ಮನೆಯಲ್ಲೇ ಬರ್ನ್ ಮಾಡಿ, ಕಲರ್ ಜೆರಾಕ್ಸ್ ಹೊದಿಕೆ ಹಾಕಿದ ಮಾಲು.

ಬ್ರಿಟನ್ನಿನ ರಾಕ್ ತಂಡ ಬೀಟಲ್ಸ್‌ನ ಮೂಲ ಆಲ್ಬಂ ಹೇಗಾದರೂ ಸಿಗುತ್ತವೆ. ಅವರ ಹಾಡುಗಳನ್ನು ಬೇರೆಯವರು ಹಾಡಿದ ಆಲ್ಬಂ, ಅಂದರೆ ಟ್ರಿಬ್ಯೂಟ್, ಸಿಗುವುದೇ ಕಷ್ಟ. ಕಲಬುರಗಿಯಲ್ಲಂತೂ ಸೂಪರ್ ಮಾರ್ಕೆಟ್ ಎಲ್ಲಾ ಸುತ್ತಿದರೂ ಇಲ್ಲ. ಹಾಗಾಗಿ ಮಾರಾಟಗಾರನ ಪಟ್ಟಿಯಲ್ಲಿ ಎರಡು ಹೆಸರು ನೋಡಿ ನನಗೆ ಆಸೆಯಾಯಿತು. ಒಂದು, 1988ರಲ್ಲಿ ಬ್ರಿಟನ್ನಿನ ಎನ್‌ಎಂಇ ಸಂಗೀತ ಪತ್ರಿಕೆ ಮಕ್ಕಳ ಸಹಾಯವಾಣಿಯೊಂದರ ನೆರವಿಗಾಗಿ ಹೊರತಂದ 'ಸಾರ್ಜೆಂಟ್ ಪೆಪ್ಪರ್ ನ್ಯೂ ಮೈ ಫಾದರ್'. ಇನ್ನೊಂದು, ಸ್ಲೊವೇನಿಯಾದ ಲೈಬಾಖ್ ತಂಡ ಅದೇ ವರ್ಷ ಮಾಡಿದ 'ಲೆಟ್ ಇಟ್ ಬಿ'. ಬೀಟಲ್ಸ್‌ನ ಅದೇ ಹೆಸರಿನ ಆಲ್ಬಂ ಅನ್ನು ಮಿಲಿಟರಿ ಕವಾಯತಿನ ಗತ್ತಿನಲ್ಲಿ ಹಾಡಿದ್ದಾರೆ. ಎಲ್ಲರಿಗೂ ಹಿಡಿಸುವುದಿಲ್ಲ, ನನಗೆ ಬಲು ಇಷ್ಟ.

ಮೋಸ ಸಿಕ್ಕಿಬಿದ್ದದ್ದೂ ಅದರಿಂದಲೇ. ಲೈಬಾಖ್ ಆ ಆಲ್ಬಂನಲ್ಲಿ 'ಲೆಟ್ ಇಟ್ ಬಿ' ಹಾಡನ್ನೇ ಬಿಟ್ಟಿದೆ. ಆಲ್ಬಂ ಹೆಸರು ಅದೇ, ಹಾಡು ಮಾತ್ರ ಇಲ್ಲ. ನನಗೆ ಬಂದ ಡಿಸ್ಕಿನಲ್ಲಿ ಅದು ಕೊನೆಗೆ ರಾಜಾರೋಷವಾಗಿ ಕೂತಿತ್ತು! ಯಾರೋ ಪಿಯಾನೊ ಬಾರಿಸಿಕೊಂಡು ಮೆಲ್ಲಗೆ ಹಾಡಿದ್ದಾರೆ. ಆಲ್ಬಂ ಕೇಳೇ ಇರದವರು ಎಲ್ಲಿಂದಲೋ ಇಳಿಸಿಕೊಂಡು ಜೋಡಿಸಿದ್ದು ಸ್ಪಷ್ಟ, ಅಲ್ವಾ?

ಅನುಮಾನ ಬಂದು ಎಲ್ಲಾ ಡಿಸ್ಕ್ ತಿರುಗಿಸಿ ನೋಡಿದೆ. ಕಾರ್ಖಾನೆಯಲ್ಲಿ ಒತ್ತಿದ ಸಿ.ಡಿ.ಯ ತಳ ಸಾಮಾನ್ಯವಾಗಿ ಅಚ್ಚ ಬೆಳ್ಳಿ ಬಣ್ಣ. ಬರ್ನ್ ಮಾಡಿದ್ದರಲ್ಲಿ ತಿಳಿ ಹಸಿರು, ನೀಲಿ ಅಥವಾ ನೇರಳೆ ಛಾಯೆ ಕಾಣುತ್ತದೆ. ಬರೆದ ಭಾಗ, ಖಾಲಿ ಭಾಗ ಸೇರುವಲ್ಲಿ ಒಂದು ಗೆರೆಯೂ ಇರುತ್ತದೆ. ಕೆಲವು ತುಂಬಾ ಮಸುಕು, ಹಾಗಾಗಿ ನಡುವಿನ ಉಂಗುರವನ್ನೂ ನೋಡಬೇಕು. ಒತ್ತಿದ ಡಿಸ್ಕಿನಲ್ಲಿ ಅಲ್ಲಿ ಒಂದು ಸಂಖ್ಯೆ ಕೊರೆದಿರುತ್ತದೆ. ಆಲ್ಬಂಗಳ ವಿವರ ಪಟ್ಟಿಮಾಡುವ ಡಿಸ್ಕಾಗ್ಸ್ ತಾಣದಲ್ಲಿ ಆ ಆಲ್ಬಂನ ಪುಟ ತೆಗೆದು ತಾಳೆ ನೋಡಬಹುದು. ಡಿಸ್ಕಿನ ಉಂಗುರದ ಬಳಿ ಐಎಫ್‌ಪಿಐ (ಸಂಗೀತ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ) ಅಂತ ಸಣ್ಣ ಅಕ್ಷರಗಳಿದ್ದು, ಮಾರುವವರು "1988ರದ್ದೇ ಪ್ರತಿ" ಅಂದರೆ ನಂಬಬೇಡಿ. ಆ ಗುರುತು ಶುರುವಾಗಿದ್ದೇ 1994ರಲ್ಲಿ.

ಕಂಪ್ಯೂಟರಿಗೆ ಹಾಕಿ ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್, ಅಂದರೆ ಧ್ವನಿಯ ಕಂಪನಾಂಕ ಎಲ್ಲಿಯವರೆಗಿದೆ ಎಂಬ ಚಿತ್ರ, ಕೂಡ ನೋಡಿದೆ. ಸಿ.ಡಿ.ಯಲ್ಲಿ ಧ್ವನಿ ಸುಮಾರು 22 ಕಿಲೋಹರ್ಟ್ಸ್‌ವರೆಗೆ ಹೋಗಬಲ್ಲದು. ಇಲ್ಲಿ ಎಲ್ಲಾ ಹಾಡೂ 16ರ ಹತ್ತಿರ ಕತ್ತರಿಸಿದಂತೆ ನಿಂತಿದ್ದವು. ಅಂದರೆ ಗಾತ್ರ ಇಳಿಸಲು ಮೇಲಿನ ಧ್ವನಿ ಕತ್ತರಿಸಿದ ಕಡಿಮೆ ದರ್ಜೆಯ ಎಂಪಿ3 ತಂದು ಸಿ.ಡಿ.ಗೆ ಬರೆದಿದ್ದಾರೆ. ಅಲ್ಲದೆ, ಬರ್ನ್ ಮಾಡಿದ ಡಿಸ್ಕಿಗೆ ಬಿಸಿಲು, ಬೆಳಕು ಆಗಿಬರುವುದಿಲ್ಲ. ನಮ್ಮೂರ ಮೇ ತಿಂಗಳು ಗೊತ್ತಲ್ಲ!

ಮಾರಾಟಗಾರನಿಗೆ ಫೋನ್ ಮಾಡಿದರೆ, "ಹಾಡು ಬರ್ಲತ್ತಾವ ಇಲ್ರೀ ಸರ್? ಮತ್ಯಾಕ ತಕರಾರ್?" ಅಂದ. ಆಮೇಲೆ ಬ್ಲಾಕ್ ಮಾಡಿದ. ಬಿಲ್ಲು ಕೊಟ್ಟಿರಲಿಲ್ಲ, ದುಡ್ಡು ಯುಪಿಐನಲ್ಲಿ ಹೋಗಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ. ಇಂಥದ್ದು ನಿಮಗೂ ಆದರೆ ತಡಮಾಡದೆ ಕರೆ ಮಾಡಿ. ಚಾಟ್, ಪಾವತಿಯ ಸ್ಕ್ರೀನ್‌ಶಾಟ್ ಅಳಿಸಬೇಡಿ.

ಕೊಳ್ಳುವ ಮುಂಚೆ ಮುಖಪುಟದ ಫೋಟೋ ಸಾಕು ಅನ್ನಬೇಡಿ, ಅದು ನೆಟ್‌ನಲ್ಲಿ ಸುಮ್ನೆ ಸಿಗುತ್ತದೆ. ಡಿಸ್ಕಿನ ತಳದ ಫೋಟೋ ಕೇಳಿ. ಪಕ್ಕದಲ್ಲಿ ಅವತ್ತಿನ ತಾರೀಖು ಬರೆದ ಚೀಟಿ ಇಟ್ಟು ತೆಗೆಯಲು ಹೇಳಿ. ನೆಪ ಹೇಳಿದರೆ ಬಿಟ್ಟುಬಿಡಿ.

ಅದೇ ಪಟ್ಟಿ ಈಗ ಬೇರೆ ನಂಬರಿನಿಂದ ಬೀದರ್ ಕಡೆಯ ಗುಂಪಿನಲ್ಲೂ ಬಂದಿದೆಯಂತೆ. ಬೆಲೆ ಮಾತ್ರ 5,000ಕ್ಕೆ ಇಳಿದಿದೆ.