ಮೂಲಭೂತವಾದಿನಾ, ಮಧ್ಯಮ ಭಕ್ತನಾ: ಯಾರ ಜೊತೆ ವಾದ?

ಕ್ರೈಸ್ತ ಧರ್ಮದ ಬಗ್ಗೆ ನಾಸ್ತಿಕ ನೆಲೆಯಿಂದ ಡಿಬೇಟ್ ಮಾಡ್ಬೇಕು, ಯಾರನ್ನ ಎದುರಿಗೆ ಇಟ್ಕೊಳ್ಳಲಿ ಅಂತ ಕೇಳಿದ್ರಲ್ಲ, ಅಮೆರಿಕದ ಉದಾಹರಣೆ ಇಟ್ಕೊಂಡೇ ಹೇಳ್ತೀನಿ.

ಸುಲಭ ಅಂದ್ರೆ ಮೂಲಭೂತವಾದಿಗಳೇ, ಅಂದ್ರೆ ಬೈಬಲ್‌ನ ಅಕ್ಷರಶಃ ನಂಬೋರು. ಅವ್ರಲ್ಲಿ ಎಷ್ಟೋ ಜನ ಭೂಮಿಗೆ ಸುಮಾರು 6000 ವರ್ಷ ಅಂತ ನೇರವಾಗಿ ಹೇಳ್ತಾರೆ, ಕೆಂಟಕಿಲಿ 2007ರಲ್ಲಿ ಅದಕ್ಕೊಂದು ಮ್ಯೂಸಿಯಂ ಬೇರೆ ತೆಗೆದ್ರು, ಅಂದ್ರೆ ಪರೀಕ್ಷೆ ಮಾಡೋಕೆ ಖಚಿತವಾದ ಮಾತು ಸಿಗುತ್ತೆ. ಮಧ್ಯಮದವ್ರಲ್ಲಿ ಎಷ್ಟೋ ಜನ ಬೈಬಲ್‌ನ ಸೃಷ್ಟಿ ಕತೆ ರೂಪಕ ಅಷ್ಟೇ ಅಂತಾರೆ, ಪೋಪ್ ಎರಡನೇ ಜಾನ್ ಪಾಲ್ 1996ರಲ್ಲೇ ವಿಕಾಸವಾದ ಬರೀ ಊಹೆಗಿಂತ ಹೆಚ್ಚು ಅಂದಿದ್ರು, ಇವ್ರಿಗೆ ಪಳೆಯುಳಿಕೆ ತೋರಿಸಿ ಏನ್ ಪ್ರಯೋಜನ, ದೇವರಿದ್ರೆ ಇಷ್ಟೊಂದು ನೋವು ಯಾಕೆ ಅನ್ನೋ ಕಷ್ಟದ ಫಿಲಾಸಫಿಗೇ ಇಳೀಬೇಕು.

ಸಮಾಜದ ಮೇಲಿನ ಪರಿಣಾಮ ನೋಡಿದ್ರೂ ಮೊದಲನೆಯವ್ರೇ ಕಣ್ಣಿಗೆ ಬೀಳೋದು. ಪೆನ್ಸಿಲ್ವೇನಿಯಾದ ಡೋವರ್‌ನಲ್ಲಿ ಸ್ಕೂಲ್ ಬೋರ್ಡು ಜೀವಶಾಸ್ತ್ರದ ಕ್ಲಾಸಿಗೆ 'ಇಂಟೆಲಿಜೆಂಟ್ ಡಿಸೈನ್' (ಜೀವಿಗಳನ್ನ ಯಾವುದೋ ಬುದ್ಧಿಶಕ್ತಿ ರೂಪಿಸಿದೆ ಅನ್ನೋ ವಾದ) ತುರುಕಿತು, ಪೋಷಕರು ಕೋರ್ಟಿಗೆ ಹೋದ್ರು, 2005ರಲ್ಲಿ ಗೆದ್ರು. ಆದ್ರೆ ಮಜಾ ನೋಡಿ, ಪೋಷಕರ ಪರ ಸಾಕ್ಷಿ ಹೇಳಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಕ್ಯಾಥೊಲಿಕ್!

ಅಮೆರಿಕದ ನಾಸ್ತಿಕ ಲೇಖಕ ಸ್ಯಾಮ್ ಹ್ಯಾರಿಸ್ ಥರದವ್ರು ಮಧ್ಯಮದವ್ರನ್ನೂ ಬಿಡಲ್ಲ, ನಂಬಿಕೆನ ಪ್ರಶ್ನೆ ಮಾಡ್ಬಾರ್ದು ಅನ್ನೋ ಮರ್ಯಾದೆ ಇವ್ರಿಂದ ಬಂದು ಉಗ್ರರಿಗೆ ರಕ್ಷಣೆ ಆಗುತ್ತೆ ಅಂತಾರೆ. ನಂಗೆ ಇದು ಅರ್ಧ ಸರಿ ಅನ್ಸುತ್ತೆ, ಯಾಕಂದ್ರೆ ಡೋವರ್‌ನಲ್ಲಿ ಆಗಿದ್ದು ಉಲ್ಟಾ, ಮಿಲ್ಲರ್ ಥರದ ಭಕ್ತರೇ ಅವ್ರ ವಿರುದ್ಧ ನಿಂತ್ರು.

ಸೋ, ಪಠ್ಯ, ಕಾನೂನು ನಿಮ್ ವಿಷಯ ಆದ್ರೆ ಮೂಲಭೂತವಾದಿಗಳನ್ನ ತಗೊಳ್ಳಿ, ಮಧ್ಯಮದವ್ರನ್ನ ಜೊತೆಗೆ ಕರ್ಕೊಳ್ಳಿ. ದೇವರಿದ್ದಾನಾ ಅನ್ನೋದೇ ಪ್ರಶ್ನೆ ಆದ್ರೆ ಮಧ್ಯಮದವ್ರ ಗಟ್ಟಿ ವಾದಾನೇ ಎದುರಿಸ್ಬೇಕು, ಚಪ್ಪಾಳೆ ಕಮ್ಮಿ ಬೀಳುತ್ತೆ ಅಷ್ಟೆ.